ಫಾಯ್ನ್ಸ್‌ನ ವಿಮಾನಗಳೂ ನಮ್ಮ ಮನೆಯ ಟ್ರಂಕುಗಳೂ

ಊರಿನಿಂದ ತಂದೆತಾಯಂದಿರೋ ಬಂಧುಗಳೋ ಬಂದರೆ ಡಗ್ಲಸ್‌ನಲ್ಲಿರುವ ನಾವೆಲ್ಲರೂ ಅವರನ್ನು ಕರೆದೊಯ್ಯುವ ಸ್ಥಳಗಳು ಬಹುಮಟ್ಟಿಗೆ ಒಂದೇ. ಬ್ಲಾರ್ನಿಯ ಕೋಟೆ, ಕೋವ್ ಬಂದರು, ಕಿಲಾರ್ನಿಯ ಸರೋವರಗಳು, ಮೋಹರ್‌ನ ಕಡಲಬಂಡೆಗಳು. ಇವೆಲ್ಲವೂ ನೋಡತಕ್ಕವೇ, ಸಂದೇಹವಿಲ್ಲ. ಆದರೆ ಈ ಪಟ್ಟಿಗೆ ಇನ್ನೊಂದು ಸ್ಥಳವನ್ನು ಸೇರಿಸಬೇಕೆಂದು ಓದುಗ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳುವುದು ಈ ಬರಹದ ಮೊದಲ ಉದ್ದೇಶ. ಆ ಸ್ಥಳವನ್ನು ನೋಡಿ ಬಂದ ಮೇಲೆ ನಾವು ನಮ್ಮ ನಮ್ಮ ಮನೆಗಳಲ್ಲಿ ಮಾಡಬೇಕಾದ ಕೆಲಸವೊಂದಿದೆ ಎಂದು ವಾದಿಸುವುದು ಎರಡನೆಯ ಉದ್ದೇಶ.

ಲಿಮರಿಕ್ ಜಿಲ್ಲೆಯಲ್ಲಿ, ಶ್ಯಾನನ್ ನದಿಯ ಅಳಿವೆಯ ದಕ್ಷಿಣ ದಡದಲ್ಲಿ ಫಾಯ್ನ್ಸ್ ಎಂಬ ಪುಟ್ಟ ಊರಿದೆ. ನಮ್ಮಲ್ಲಿಂದ ಎರಡು ಗಂಟೆಯೊಳಗಿನ ದಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಮತ್ತು ಯುರೋಪುಗಳ ನಡುವಣ ವಿಮಾನ ಸಂಚಾರದ ಹೆಬ್ಬಾಗಿಲುಗಳಲ್ಲಿ ಈ ಊರೂ ಒಂದಾಗಿತ್ತು. ಅಂದಿನ ವಿಮಾನಗಳು ನೀರಿನ ಮೇಲಿಳಿದು ನೀರಿನಿಂದಲೇ ಮೇಲೇಳುತ್ತಿದ್ದವು. ಹಡಗಿನಂಥ ಒಡಲೂ ಹಕ್ಕಿಯಂಥ ರೆಕ್ಕೆಗಳೂ ಇದ್ದ ಆ ಹಾರುದೋಣಿಗಳಿಗೆ ಉದ್ದನೆಯ ಓಡುದಾರಿ ಬೇಕಿರಲಿಲ್ಲ. ಅಲೆಗಳಿಲ್ಲದ ವಿಶಾಲ ಜಲರಾಶಿಯೊಂದಿದ್ದರೆ ಸಾಕಿತ್ತು. 1937ರಲ್ಲಿ ಪರೀಕ್ಷಾ ಹಾರಾಟಗಳು ನಡೆದವು. 1939ರಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ಬೋಯಿಂಗ್ 314 ವಿಮಾನಗಳು ನ್ಯೂಫೌಂಡ್‌ಲ್ಯಾಂಡಿನ ಬಾಟ್ವುಡ್ ಮಾರ್ಗವಾಗಿ ಪ್ರಯಾಣಿಕರನ್ನು ಹೊತ್ತು ಇಲ್ಲಿಗೆ ಬರತೊಡಗಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ಐರ್ಲೆಂಡ್ ತಟಸ್ಥ ರಾಷ್ಟ್ರವಾಗಿಯೇ ಉಳಿಯಿತು. ಆದರೆ ಆ ತಟಸ್ಥ ನೆಲದ ಮೇಲೆ ಸೇನಾಧಿಕಾರಿಗಳು ಸಮವಸ್ತ್ರವನ್ನು ಕಳಚಿಟ್ಟು, ಸಾಮಾನ್ಯ ಉಡುಪಿನಲ್ಲಿ, ರಾಜತಂತ್ರಜ್ಞರ ಮತ್ತು ನಿರಾಶ್ರಿತರ ಜೊತೆಯಲ್ಲಿ ಹಾದುಹೋದರು. 1945ರಲ್ಲಿ ನದಿಯ ಆಚೆ ದಡದ ರಿನಾನಾದಲ್ಲಿ, ಎಂದರೆ ಇಂದಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ, ನೆಲದ ಮೇಲಿಳಿಯುವ ವಿಮಾನಗಳ ಯುಗ ತೊಡಗಿತು. ಫಾಯ್ನ್ಸ್ ಮತ್ತೆ ಮೌನಕ್ಕೆ ಮರಳಿತು.

ಆ ಮೌನ ನಲವತ್ತಕ್ಕೂ ಹೆಚ್ಚು ವರ್ಷ ಮುಂದುವರಿಯಿತು. 1989ರ ಜುಲೈನಲ್ಲಿ ಹಳೆಯ ವಿಮಾನ ನಿಲ್ದಾಣದ ಕಟ್ಟಡದಲ್ಲಿಯೇ ವಸ್ತುಸಂಗ್ರಹಾಲಯವೊಂದು ತೆರೆಯಿತು. ಉದ್ಘಾಟಿಸಿದವರು ಹೆಸರಾಂತ ಚಲನಚಿತ್ರ ನಟಿ ಮೌರೀನ್ ಓಹಾರಾ. ಅವರ ಪತಿ ಚಾರ್ಲ್ಸ್ ಬ್ಲೇರ್ ಇದೇ ನೀರಿನಿಂದ ಹಾರುದೋಣಿಗಳನ್ನು ಮೇಲೆಬ್ಬಿಸಿದ ವಿಮಾನ ಚಾಲಕರು. ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಬೋಯಿಂಗ್ 314 ವಿಮಾನಗಳು ನಿರ್ಮಾಣವಾದದ್ದು ಒಟ್ಟು 12. ಇಂದು ಜಗತ್ತಿನಲ್ಲಿ ಅವುಗಳಲ್ಲಿ ಒಂದೂ ಉಳಿದಿಲ್ಲ. ಒಂದು ಕಾಲದ ಅತ್ಯಂತ ವೈಭವದ ವಿಮಾನ, ಒಂದು ತಲೆಮಾರು ಕಳೆಯುವುದರೊಳಗೆ ಗುರುತಿಲ್ಲದಂತಾಯಿತು. ಫಾಯ್ನ್ಸ್‌ನಲ್ಲಿ ನಾವು ಒಳಹೊಕ್ಕು ನೋಡುವುದು ಪೂರ್ಣ ಗಾತ್ರದ ಒಂದು ಪ್ರತಿಕೃತಿ. ಲೋಹದ ದೈತ್ಯನೇ ಅಳಿದುಹೋದ ಮೇಲೆ, ಅದನ್ನು ಕಂಡವರ ನೆನಪು, ಛಾಯಾಚಿತ್ರ ಮತ್ತು ಕಾಗದಪತ್ರಗಳು ಅದನ್ನು ಮತ್ತೆ ಕಟ್ಟಿ ನಿಲ್ಲಿಸಲು ನೆರವಾದವು. ಸಣ್ಣ ವಸ್ತುಸಂಗ್ರಹಾಲಯಗಳ ಬೆಲೆ ಇರುವುದು ಇಲ್ಲಿಯೇ.

ನಮ್ಮ ಕಾರ್ಕ್ ಜಿಲ್ಲೆಯಲ್ಲಿಯೂ ಇಂಥ ಕುರುಹುಗಳಿಗೆ ಕೊರತೆಯಿಲ್ಲ. ಬಂದರಿನ ಪೂರ್ವ ದಡದ ಅಹಾಡಾದಲ್ಲಿ 1918ರಲ್ಲಿ ಅಮೆರಿಕದ ನೌಕಾಪಡೆ ತನ್ನ ಹಾರುದೋಣಿಗಳ ನೆಲೆಯನ್ನು ಸ್ಥಾಪಿಸಿತ್ತು. ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕುವುದು ಅವುಗಳ ಕೆಲಸ. 1943ರ ಏಪ್ರಿಲ್ 7ರಂದು ದಾರಿ ತಪ್ಪಿದ ಅಮೆರಿಕದ ಬಿ-17 ಬಾಂಬರ್ ವಿಮಾನವೊಂದು ಕ್ಲೊನಕಿಲ್ಟಿಯ ಜೌಗು ನೆಲದ ಮೇಲಿಳಿಯಿತು. ತಾವು ಜರ್ಮನರ ವಶದಲ್ಲಿದ್ದ ನಾರ್ವೆಯಲ್ಲಿ ಇಳಿದಿದ್ದೇವೆಂದು ಅದರ ಸಿಬ್ಬಂದಿ ಮೊದಲು ಹೆದರಿದ್ದರಂತೆ. ಅವರ ಜೊತೆಗೆ ಟೋಜೋ ಎಂಬ ಹೆಸರಿನ ಕೋತಿಯೊಂದಿತ್ತು. ಅದು ಕೆಲವೇ ದಿನಗಳಲ್ಲಿ ಅಲ್ಲಿಯೇ ಸತ್ತಿತು. ಆ ಊರಿನವರು ಅದರ ಕಥೆಯನ್ನು ಇಂದಿಗೂ ಹೇಳುತ್ತಾರೆ, ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಕರಾವಳಿಯುದ್ದಕ್ಕೂ ಇದ್ದ 83 ಕಾವಲು ಠಾಣೆಗಳ ಬಳಿ, ಇದು ತಟಸ್ಥ ದೇಶವೆಂದು ವಿಮಾನ ಚಾಲಕರಿಗೆ ತಿಳಿಯಲೆಂದು, ಸುಣ್ಣ ಬಳಿದ ಕಲ್ಲುಗಳಿಂದ ‘ಏರೆ’ ಎಂಬ ಅಕ್ಷರಗಳನ್ನು ದೊಡ್ಡದಾಗಿ ನೆಲದ ಮೇಲೆ ಜೋಡಿಸಿದ್ದರು. ಹುಲ್ಲು ಪೊದೆಗಳಡಿ ಹೂತುಹೋಗಿದ್ದ ಅವುಗಳಲ್ಲಿ ಹಲವನ್ನು ಸ್ಥಳೀಯ ಸ್ವಯಂಸೇವಕರು ಕೈಯಾರೆ ಬಿಡಿಸಿ ಮತ್ತೆ ಬಿಳುಪಾಗಿಸಿದ್ದಾರೆ. ಯುದ್ಧದಲ್ಲಿ ಭಾಗಿಯೇ ಆಗದ ದೇಶವೊಂದು ಯುದ್ಧಕಾಲದ ತನ್ನ ನೆನಪನ್ನು ಇಷ್ಟು ಜತನದಿಂದ ಕಾಯ್ದುಕೊಳ್ಳುತ್ತಿದೆ.

ಹಾಗಾದರೆ ನಮ್ಮ ನೆನಪಿನ ಗತಿಯೇನು?

ಬೆಂಗಳೂರಿನ ಹೆಚ್.ಎ.ಎಲ್. ಎಂದರೆ ನಮಗೆಲ್ಲ ಹಳೆಯ ವಿಮಾನ ನಿಲ್ದಾಣದ ರಸ್ತೆ, ಕಾರ್ಖಾನೆಯ ಸೈರನ್, ಶಿಫ್ಟಿನ ಬಸ್ಸುಗಳು ನೆನಪಾಗುತ್ತವೆ. ಅದು ಹುಟ್ಟಿದ್ದು ಯುದ್ಧಕಾಲದಲ್ಲಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆಲ ಮತ್ತು ಬಂಡವಾಳದ ನೆರವಿನೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರ ಬೆಂಬಲ ಅದಕ್ಕಿತ್ತು. 1941ರಲ್ಲಿ ಹಾರ್ಲೋ ತರಬೇತಿ ವಿಮಾನವೂ 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಇಲ್ಲಿ ಜೋಡಣೆಗೊಂಡು ಹಾರಿದವು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಸೇರಿ, ಪೂರ್ವ ರಣರಂಗದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಡಕೋಟಾ, ಕ್ಯಾಟಲೀನಾ ಮೊದಲಾದ ವಿಮಾನಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಹಾರಿಸಿದ ಕೈಗಳು ಹಿಂದಿನ ದಿನದವರೆಗೆ ವಿಮಾನವನ್ನು ಹತ್ತಿರದಿಂದ ಕಂಡೇ ಇರದ ಕೈಗಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗ ತೆರೆದದ್ದೂ 1942ರಲ್ಲಿಯೇ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವೂ ಅದೇ ಯುದ್ಧದ ಕೂಸು. ಇಂದು ನಮ್ಮಲ್ಲನೇಕರು ತಂತ್ರಜ್ಞಾನದ ಉದ್ಯೋಗ ಹಿಡಿದು ಕಾರ್ಕ್‌ನಲ್ಲಿ ನೆಲೆಸಿರುವುದರ ದೂರದ ಬೇರುಗಳಲ್ಲಿ ಒಂದು ಆ ಕಾರ್ಖಾನೆಯ ಶೆಡ್ಡುಗಳಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಇನ್ನೊಂದು ಸಂಗತಿ ನಮ್ಮ ಮಕ್ಕಳಿಗಂತೂ ಗೊತ್ತಿರಲಾರದು. 1941ರ ಜೂನ್‌ನಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ರಚಿಸಿದ 129ನೇ ಸ್ಕ್ವಾಡ್ರನ್ನಿಗೆ ‘ಮೈಸೂರು’ ಎಂಬ ಹೆಸರಿತ್ತು. ಅದರ ಸಜ್ಜಿಕೆಗೆ ಹಣ ಒದಗಿಸಿದ್ದು ಮೈಸೂರು ಸಂಸ್ಥಾನ. ಆ ದಳದ ಲಾಂಛನದಲ್ಲಿದ್ದುದು ಬೇರಾವುದೂ ಅಲ್ಲ, ನಮ್ಮ ಗಂಡಭೇರುಂಡ. ಸ್ಪಿಟ್‌ಫೈರ್ ವಿಮಾನಗಳಿಂದ ಆರಂಭಿಸಿ, 1944ರಲ್ಲಿ ಮಸ್ಟಾಂಗ್ ವಿಮಾನಗಳನ್ನು ಪಡೆದು, ಇಂಗ್ಲೆಂಡಿನ ಮೇಲೆ ಬೀಳುತ್ತಿದ್ದ ವಿ-1 ಹಾರುಬಾಂಬುಗಳನ್ನು ಆಕಾಶದಲ್ಲಿಯೇ ಹೊಡೆದುರುಳಿಸಿದ ದಳಗಳಲ್ಲಿ ಅದೂ ಒಂದು. ಬೀದರ್, ಕಲಬುರಗಿ, ರಾಯಚೂರುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದ ಹೆಸರಿನಲ್ಲಿಯೂ 110 ಮತ್ತು 152ನೇ ಸ್ಕ್ವಾಡ್ರನ್ನುಗಳಿದ್ದವು. ಮೈಸೂರು ದಳ ಕೆಲಕಾಲ ನೆಲೆಸಿದ್ದ ವೆಸ್ಟ್‌ಹ್ಯಾಂಪ್ನೆಟ್ ದಕ್ಷಿಣ ಇಂಗ್ಲೆಂಡಿನ ಟ್ಯಾಂಗ್ಮಿಯರ್‌ಗೆ ಸೇರಿದ ಉಪನೆಲೆ. ಅಲ್ಲಿ 1982ರಿಂದ ಸ್ವಯಂಸೇವಕರೇ ನಡೆಸುವ ಇನ್ನೊಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಇಂಗ್ಲೆಂಡಿಗೆ ರಜೆಗೆ ಹೋಗುವ ಕುಟುಂಬಗಳು ಇದನ್ನೂ ನೆನಪಿನಲ್ಲಿಟ್ಟುಕೊಳ್ಳಬಹುದು. ಹೈಫಾದಲ್ಲಿ 1918ರಲ್ಲಿ ಹೋರಾಡಿದ ಮೈಸೂರು ಅಶ್ವದಳವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆಕಾಶದ ಕಥೆಯನ್ನು ಮಾತ್ರ ಮರೆತಿದ್ದೇವೆ.

ಇದಕ್ಕೊಂದು ಆಕ್ಷೇಪಣೆ ಬರುವುದು ಸಹಜ, ಅದು ಹಗುರವಾದ ಆಕ್ಷೇಪಣೆಯೂ ಅಲ್ಲ. ‘ಅದು ನಮ್ಮ ಯುದ್ಧವೇ? 1939ರಲ್ಲಿ ವೈಸರಾಯ್ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರು. ಪ್ರಜೆಗಳ ಹಣ ಲಂಡನ್ನಿನ ರಕ್ಷಣೆಗೆ ಹೋಯಿತು. ಅದೇ ಕಾಲದಲ್ಲಿ, 1942ರಲ್ಲಿ, ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ಸ್ವತಂತ್ರ ಗ್ರಾಮವೆಂದು ಸಾರಿಕೊಂಡಿತು. ಆ ಊರಿನ ಐವರು ಮರುವರ್ಷ ನೇಣಿಗೇರಿದರು. ಹಾಗಿರುವಾಗ ಸಾಮ್ರಾಜ್ಯದ ವಿಮಾನದ ಲಾಂಛನವನ್ನು ನಾವೇಕೆ ಎತ್ತಿ ಹಿಡಿಯಬೇಕು?’

ಎತ್ತಿ ಹಿಡಿಯಬೇಕಿಲ್ಲ, ತಿಳಿದಿರಬೇಕು. ಇವೆರಡರ ನಡುವೆ ಅಂತರವಿದೆ. ಗಂಡಭೇರುಂಡ ಸ್ಪಿಟ್‌ಫೈರ್ ದಳದ ಗುರುತಾಗಿದ್ದ ಕಾಲವೂ ಈಸೂರಿನ ಮನೆಗಳಲ್ಲಿ ಗೋಳು ಕೇಳಿಸಿದ ಕಾಲವೂ ಒಂದೇ. ಒಂದನ್ನು ಮರೆಮಾಚಿ ಇನ್ನೊಂದನ್ನು ಮಾತ್ರ ಹೇಳಿದರೆ ಮಕ್ಕಳಿಗೆ ಸಿಗುವುದು ಇತಿಹಾಸವಲ್ಲ, ಅರ್ಧ ಕಥೆ. ಸಂಸ್ಥಾನದ ಬೊಕ್ಕಸದಿಂದ ಹಣ ಕೊಟ್ಟವರ ನಿಲುವು ಬೇರೆ, ಹೆಚ್.ಎ.ಎಲ್.ನಲ್ಲಿ ಹೊಟ್ಟೆಪಾಡಿಗಾಗಿ ರಿವೆಟ್ ಹೊಡೆದ ಕಾರ್ಮಿಕನ ಬದುಕು ಬೇರೆ. ಆ ಕಾರ್ಮಿಕನನ್ನು ಸಾಮ್ರಾಜ್ಯದ ಲೆಕ್ಕಕ್ಕೆ ಬರೆದು ಮರೆತುಬಿಡುವುದು ಅವನಿಗೆ ಎಸಗುವ ಅನ್ಯಾಯ.

ಈ ಇಕ್ಕಟ್ಟನ್ನು ಐರ್ಲೆಂಡಿನಷ್ಟು ಚೆನ್ನಾಗಿ ಬಲ್ಲ ದೇಶ ವಿರಳ. ಐರಿಷ್ ಸೈನ್ಯವನ್ನು ತೊರೆದು ಮಿತ್ರರಾಷ್ಟ್ರಗಳ ಪರವಾಗಿ ಹೋರಾಡಲು ಹೋದ ಸುಮಾರು 5,000 ಸೈನಿಕರನ್ನು ಈ ದೇಶ ಯುದ್ಧಾನಂತರ ಸೇವೆಯಿಂದ ವಜಾ ಮಾಡಿತು. ಸರ್ಕಾರಿ ಉದ್ಯೋಗದ ಬಾಗಿಲನ್ನೂ ಅವರಿಗೆ ಮುಚ್ಚಿತು. 2013ರಲ್ಲಿ ಶಾಸನವೊಂದರ ಮೂಲಕ ಅವರಿಗೆ ಕ್ಷಮಾದಾನ ದೊರೆಯಿತು. ಆ ಹೊತ್ತಿಗೆ ಅವರಲ್ಲಿ ಬಹುತೇಕರು ಬದುಕಿರಲಿಲ್ಲ. ತಟಸ್ಥ ನೀತಿ ಸರಿಯಾಗಿತ್ತು ಎನ್ನುವವರೂ, ಹೋದವರದ್ದು ತಪ್ಪಲ್ಲ ಎನ್ನುವವರೂ ಇಂದು ಒಂದೇ ಊರಿನಲ್ಲಿ ಬದುಕುತ್ತಿದ್ದಾರೆ. ನಮ್ಮ ಡಗ್ಲಸ್‌ನ ಕಥೆಯೂ ಇದಕ್ಕೆ ಹೊರತಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ನೇಯ್ದ ಹಾಯಿಬಟ್ಟೆ ಬ್ರಿಟಿಷ್ ನೌಕಾಪಡೆಯ ಹಡಗುಗಳನ್ನು ಸೇರುತ್ತಿತ್ತು. ಅದರಿಂದ ನೇಕಾರರು ಸಾಮ್ರಾಜ್ಯಶಾಹಿಗಳಾಗಲಿಲ್ಲ, ನೇಕಾರರಾಗಿಯೇ ಉಳಿದರು. ಊರು ತನ್ನ ಗಿರಣಿಗಳನ್ನು ನೆನೆಯುವುದು ಅವರ ದುಡಿಮೆಯ ಗೌರವಕ್ಕಾಗಿ.

ಈಗ ಮುಖ್ಯ ಮಾತಿಗೆ ಬರೋಣ. 1943ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದಿದ್ದರೆ ನೂರು ದಾಟಿರುತ್ತಿದ್ದರು. ಆ ತಲೆಮಾರು ಹೆಚ್ಚುಕಡಿಮೆ ಮುಗಿದಿದೆ. ಅವರ ಮಾತನ್ನು ಕಿವಿಯಾರೆ ಕೇಳಿದ ಕೊನೆಯ ಸಾಕ್ಷಿಗಳು ಎಪ್ಪತ್ತು ಎಂಬತ್ತರ ಪ್ರಾಯದ ನಮ್ಮ ತಂದೆತಾಯಂದಿರು. ಬೆಂಗಳೂರಿನಲ್ಲಿ ಹೆಚ್.ಎ.ಎಲ್.ನದೇ ಆದ ವೈಮಾನಿಕ ವಸ್ತುಸಂಗ್ರಹಾಲಯ 2001ರಿಂದ ಇದೆ. ವಿಮಾನಗಳನ್ನೂ ಎಂಜಿನ್ನುಗಳನ್ನೂ ಅಲ್ಲಿ ನೋಡಬಹುದು. ಆದರೆ ಅಜ್ಜನ ಹಾಜರಿ ಬಿಲ್ಲೆ, ಗೇಟಿನ ಪಾಸು, ಸಹೋದ್ಯೋಗಿಗಳೊಡನೆ ತೆಗೆಸಿದ ಗ್ರೂಪ್ ಫೋಟೋ, ಯುದ್ಧಕಾಲದ ರೇಷನ್ ಚೀಟಿ, ಅಮೆರಿಕದ ಸೈನಿಕನೊಬ್ಬ ಕೊಟ್ಟುಹೋದ ಚಾಕು ಇಂಥವು ಇರುವುದು ಬಸವನಗುಡಿ, ಮಲ್ಲೇಶ್ವರ, ಹಲಸೂರುಗಳ ಹಳೆಯ ಮನೆಗಳ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ. ಆ ಮನೆಗಳು ಈಗ ಒಂದೊಂದಾಗಿ ಮಾರಾಟವಾಗುತ್ತಿವೆ, ಅಪಾರ್ಟ್‌ಮೆಂಟುಗಳಾಗುತ್ತಿವೆ. ಮನೆ ಖಾಲಿ ಮಾಡುವಾಗ ಮಕ್ಕಳು ಪರದೇಶದಲ್ಲಿರುತ್ತಾರೆ. ಟ್ರಂಕು ಗುಜರಿ ಅಂಗಡಿಗೂ, ಕಾಗದ ಹಳೇ ಪೇಪರಿನವನಿಗೂ ಹೋಗುತ್ತದೆ. ಆ ಮನೆಗಳ ವಾರಸುದಾರರು ಬಹುಪಾಲು ನಾವೇ. ಆದ್ದರಿಂದ ಈ ನಷ್ಟವನ್ನು ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಮುಂದಿನ ಬಾರಿ ಊರಿಗೆ ಹೋದಾಗ ಒಂದು ಮಧ್ಯಾಹ್ನವನ್ನು ಟ್ರಂಕಿಗೆಂದು ಮೀಸಲಿಡೋಣ. ಫೋಟೋದಲ್ಲಿರುವವರ ಹೆಸರುಗಳನ್ನು ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆಯೋಣ. ಹೆಸರಿಲ್ಲದ ಚಿತ್ರ ಇನ್ನೊಂದು ತಲೆಮಾರಿಗೆ ಬರಿಯ ಕಾಗದ. ಅವರ ಮಾತನ್ನು ಅವರದೇ ಕನ್ನಡದಲ್ಲಿ ಫೋನಿನಲ್ಲಿ ಮುದ್ರಿಸಿಕೊಳ್ಳೋಣ. ಮೂಲ ವಸ್ತುಗಳು ಮನೆಯಲ್ಲಿಯೇ ಇರಲಿ. ಸ್ಕ್ಯಾನ್ ಮಾಡಿದ ಪ್ರತಿಗಳು ಬಂಧುಗಳಲ್ಲಿ ನಾಲ್ವರ ಬಳಿಯಾದರೂ ಇರಲಿ. ವಸ್ತುಸಂಗ್ರಹಾಲಯಕ್ಕೆ ಉಪಯೋಗವಾಗಬಹುದೆಂದು ತೋರಿದರೆ ಒಂದು ಪತ್ರ ಬರೆದು ವಿಚಾರಿಸೋಣ. ನಮ್ಮ ಸಂಘವೂ ರಾಜ್ಯೋತ್ಸವದ ಸಂದರ್ಭದಲ್ಲಿ ಇಂಥ ಪ್ರತಿಗಳಿಗೊಂದು ಮೇಜನ್ನು ಮೀಸಲಿಡಲಿ. ಹಾಡು, ನೃತ್ಯ, ಊಟಗಳ ನಡುವೆ ಮಕ್ಕಳು ತಮ್ಮ ಮುತ್ತಜ್ಜನ ಗೇಟ್ ಪಾಸನ್ನೂ ನೋಡಲಿ. ಅದಕ್ಕಿಂತ ಮೊದಲು, ಬಿಡುವಿನ ಒಂದು ಶನಿವಾರ ಕೆಲವು ಕುಟುಂಬಗಳು ಕೂಡಿ ಫಾಯ್ನ್ಸ್‌ಗೆ ಹೋಗಿಬರಲಿ. ಪುಟ್ಟ ಊರೊಂದು ತನ್ನ ನೆನಪನ್ನು ಹೇಗೆ ಕಾಯ್ದುಕೊಂಡಿತೆಂಬುದನ್ನು ಮಕ್ಕಳು ಕಣ್ಣಾರೆ ಕಂಡರೆ, ಅಟ್ಟದ ಟ್ರಂಕನ್ನು ತೆರೆಯಿರಿ ಎಂದು ಮುಂದೆ ಅವರೇ ನಮ್ಮನ್ನು ಒತ್ತಾಯಿಸುತ್ತಾರೆ.