ಮುಂಗೈ ನಮ್ಮದು, ಗಡಿಯಾರ ಯಾರದು?

ವಿಜ್ಞಾನವನ್ನು ದ್ವೇಷಿಸುವವರು ನಾವಲ್ಲ. ಅದರ ಫಲ ಯಾರ ಹಿಡಿತದಲ್ಲಿರಬೇಕು ಎಂಬುದೇ ನಮ್ಮ ಪ್ರಶ್ನೆ.

2004ರಲ್ಲಿ ಅಮೆರಿಕದ ಪೇಟೆಗೆ ಒಂದು ಜಾಣ ಕೈಗಡಿಯಾರ ಬಂದಿತು. ಮೈಕ್ರೋಸಾಫ್ಟ್ ಕಂಪೆನಿಯ 'ಸ್ಪಾಟ್' ತಂತ್ರ. ಗಡಿಯಾರ ಮಾಡಿದವರು ಫಾಸಿಲ್, ಸೂಂಟೋ ಮೊದಲಾದವರು. ಎಫ್.ಎಂ. ರೇಡಿಯೋ ತರಂಗದ ಬೆನ್ನೇರಿ ಸುದ್ದಿ, ಹವಾಮಾನ, ಷೇರುಪೇಟೆಯ ದರ ಮುಂಗೈಗೇ ಬಂದು ಬೀಳುತ್ತಿದ್ದವು. ಬಂದದ್ದನ್ನು ಓದಬಹುದಿತ್ತು, ಮರುಮಾತು ಕಳುಹಿಸುವ ದಾರಿ ಇರಲಿಲ್ಲ. ಗಡಿಯಾರಕ್ಕೆ ಬೆಲೆ ತೆತ್ತದ್ದು ಸಾಲದೆಂದು ವರ್ಷಕ್ಕೆ 59 ಡಾಲರ್ ಚಂದಾ ಬೇರೆ!

ಮುಂದೇನಾಯಿತು? 2012ರ ಜನವರಿ 1ರಂದು ಕಂಪೆನಿ ಪ್ರಸಾರವನ್ನೇ ನಿಲ್ಲಿಸಿತು. ಪಟ್ಟಿ, ಗಾಜು ಕೊಂಡವನ ಕೈಯಲ್ಲೇ ಉಳಿದವು, ಸುದ್ದಿ ಸತ್ತಿತು. ಗದ್ದೆ ಮಾರಿದ ಸಾಹುಕಾರ ಕೆರೆಯ ತೂಬನ್ನು ತನ್ನ ಕೈಯಲ್ಲೇ ಇಟ್ಟುಕೊಂಡ ಹಾಗಾಯಿತು. ಹಣ ಕೊಟ್ಟವನು ಒಡೆಯನಾಗಲಿಲ್ಲ, ಬರಿಯ ಗೇಣಿದಾರನಾದ.

ತರಂಗಗಳು ಯಾವ ಬಂಡವಾಳಗಾರನ ಪಿತ್ರಾರ್ಜಿತವೂ ಅಲ್ಲ. ಅವು ಸಾರ್ವಜನಿಕ ಸ್ವತ್ತೆಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಇಂದು ನಮ್ಮ ಊರುಗಳ ಅಂಗಡಿಗಳಲ್ಲೂ ಜಾಣ ಗಡಿಯಾರಗಳು ತೂಗುತ್ತಿವೆ. ಎಷ್ಟು ವರ್ಷ ಸೇವೆ ಕೊಡುವರೆಂಬುದನ್ನು ಮಾರುವ ದಿನವೇ ಬರೆದುಕೊಡಬೇಕು. ಕಂಪೆನಿ ಕೈಬಿಟ್ಟರೆ ಆ ಸೇವೆಯನ್ನು ಇತರರು ಮುಂದುವರಿಸಲು ತಂತ್ರದ ಗುಟ್ಟನ್ನು ಬಿಟ್ಟುಕೊಡಬೇಕು. ಇದು ಕಾನೂನಾಗಬೇಕೆಂದು ನಾವು ಒತ್ತಾಯಿಸುತ್ತೇವೆ.

ದುಡಿದ ಹಣದಿಂದ ಕೊಂಡ ವಸ್ತು ಕೊಂಡವನದೇ ಆಗಲಿ!