ತೋಳನಿಗೊಂದು ಹಗುರ ಬಂದೂಕು

ಕಳೆದ ಬೇಸಗೆಯಲ್ಲಿ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಗೆ ಹೋಗಿದ್ದಾಗ ಹಿರಿಯ ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆನು. ವಯಸ್ಸು ಎಂಬತ್ತು ದಾಟಿದ್ದರೂ ಅವರ ಕಣ್ಣು ಇನ್ನೂ ಚುರುಕು. ಮನೆಯಲ್ಲಿ ನೂರರಷ್ಟು ಕುರಿಗಳು. ಒಳಕೋಣೆಯ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೆಳೆ ಕಾಯಲೆಂದು ಬಹಳ ವರ್ಷಗಳ ಹಿಂದೆ ಪರವಾನಗಿ ಪಡೆದು ತಂದ ಒಂದು ರೈಫಲು. ನಾನು ಹೋದ ದಿನವೇ ಬೆಳಗಿನ ಜಾವದಲ್ಲಿ ತೋಳ ಬಂದು ಹಟ್ಟಿಯಿಂದ ಎರಡು ಮರಿಗಳನ್ನು ಹೊತ್ತುಕೊಂಡು ಹೋಗಿತ್ತು.

ಮೊಮ್ಮಗನಿಗೆ ಇಪ್ಪತ್ತೆರಡು ವರ್ಷ; ಬಿಸಿರಕ್ತ. ಸಂಜೆ ನನ್ನ ಬಳಿಗೆ ಬಂದು ಕುಳಿತು, "ಕಾಕಾ, ನಿಮಗೆ ಬಂದೂಕಿನ ವಿಷಯ ತಿಳಿದದ ಅಂತ ತಾತ ಹೇಳ್ಯಾನ. ಇದು ಭಾಳ ಭಾರ ಆಗ್ತದ. ನಳಿಗಿ ಒಂದು ಗೇಣು ಕೊಯ್ಸಿ ಹಗುರ ಮಾಡ್ಸಿದ್ರ ಹೆಂಗ?" ಎಂದು ಕೇಳಿದನು. ಓದುಗರಲ್ಲಿಯೂ ಕೆಲವರಿಗೆ ಇಂಥ ಸಂದೇಹ ಇದ್ದೀತು. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

ಅವರ ರೈಫಲು ಬಂಗಾಳದ ಈಶಾಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾದ .315 ಬೋಲ್ಟ್ ರೈಫಲು. ಬಾಗಿಲ ಅಗುಳಿಯನ್ನು ಎತ್ತಿ ಎಳೆದು ದೂಡುವಂತೆ ಇದರ ಬೋಲ್ಟನ್ನು ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ದೂಡಿದರೆ ಹೊಸದು ಒಳಸೇರುತ್ತದೆ. ಬ್ರಿಟಿಷರ ಕಾಲದಲ್ಲಿ .303 ಸೈನ್ಯದ ತೋಟಾ ಆದುದರಿಂದ ಅದು ಸಾಮಾನ್ಯ ಪ್ರಜೆಗಳಿಗೆ ನಿಷಿದ್ಧವಾಗಿತ್ತು. ಆದ್ದರಿಂದಲೇ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ .315ರ ನಳಿಗೆಯನ್ನು ಜೋಡಿಸಿ ಬೇಟೆಗಾರರಿಗೆ ಮಾರುವ ಪದ್ಧತಿ ಬಂದಿತು.

ಅಮೆರಿಕದಲ್ಲಿ ಕೊಯೋಟಿ ಎಂಬ ಪ್ರಾಣಿಯಿದೆ. ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು, ಕುರಿಮರಿಗಳ ಕಳ್ಳ. ಅದರ ಬೇಟೆಗೆ ಅಲ್ಲಿಯವರು ಆರೇಳು ಪೌಂಡಿನ ಹಗುರ ಬೋಲ್ಟ್ ರೈಫಲನ್ನು ಆಯ್ದುಕೊಳ್ಳುತ್ತಾರೆ. ಅವರಿಗೆ ಪ್ರಿಯವಾದ .223 ತೋಟಾದ ಗುಂಡು ಮೂರೂವರೆ ಗ್ರಾಮಿನಷ್ಟು. ವೇಗ ಸೆಕೆಂಡಿಗೆ 950 ಮೀಟರಿಗೂ ಮೇಲು. .315ರ ಗುಂಡಾದರೋ ಹದಿನೈದು ಗ್ರಾಮಿಗೂ ಹೆಚ್ಚು ತೂಕದ್ದು. ಅದರಷ್ಟು ವೇಗವಿಲ್ಲ, ಆದರೆ ಭುಜಕ್ಕೆ ಕೊಡುವ ಒದೆತ ಬಲವಾದುದು. ಇಲ್ಲಿಯೇ ಮೊದಲ ಪಾಠವಿದೆ. ರೈಫಲಿನ ತೂಕ ಕಡಿಮೆಯಾದಷ್ಟೂ ಒದೆತ ಹೆಚ್ಚುತ್ತದೆ. ನಾಲ್ಕು ಕಿಲೋ ತೂಗುವುದನ್ನು ಮೂರು ಕಿಲೋಗೆ ಇಳಿಸಿದರೆ ಒದೆತದ ಶಕ್ತಿ ಮೂರರಲ್ಲೊಂದು ಪಾಲು ಏರುತ್ತದೆ. ಭುಜ ನೊಂದವನು ಮುಂದಿನ ಸಲ ಕಣ್ಣು ಮುಚ್ಚಿ ಟ್ರಿಗರ್ ಎಳೆಯುತ್ತಾನೆ. ಅವನ ಗುರಿ ಅಲ್ಲಿಗೆ ಮುಗಿಯಿತು.

"ಹಾಗಾದರೆ ಭಾರ ಎನಿಸುವುದೇಕೆ?" ಎಂದರೆ, ಅದು ತಾತನ ಮೈಗೆ ಹೊಂದಿದ ರೈಫಲು, ಮೊಮ್ಮಗನ ಮೈಗೆ ಹೊಂದಿದುದಲ್ಲ. ಮೊಣಕೈ ಮಡಿಸಿ, ಹಿಡಿಮರದ ಹಿಂತುದಿಯನ್ನು ಮಡಿಕೆಗೆ ಒತ್ತಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸಲೀಸಾಗಿ ತಲುಪಬೇಕು. ಹುಡುಗನ ಕೈ ನೀಳ. ಅವನಿಗೆ ಹಿಡಿಮರ ಗಿಡ್ಡ. ಹಿಂದುಗಡೆ ಒಂದು ಅಂಗುಲದ ರಬ್ಬರು ಮೆತ್ತೆ ಕೂಡಿಸಿದರೆ ಅಳತೆ ಸರಿಯಾಗುತ್ತದೆ, ಒದೆತವೂ ಇಳಿಯುತ್ತದೆ. ಹೆಗಲಿಗೆ ಅಗಲವಾದ ಚರ್ಮದ ಪಟ್ಟಿ ಹಾಕಿದರೆ ಹೊರುವ ಭಾರ ಅರ್ಧವಾದಂತೆ ತೋರುತ್ತದೆ. ಮರಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಬೇಕು; ರಾಯಚೂರಿನ ಬಿಸಿಲಿಗೆ ಒಣಗಿ ಬಾಗಿದ ಮರ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತಿ ಗುರಿಯನ್ನೇ ಕೆಡಿಸುತ್ತದೆ.

ನಳಿಗೆಯನ್ನು ಮಾತ್ರ ಮುಟ್ಟಲಾಗದು. ಅದರ ತುದಿಯ ಅಂಚು ಕೂದಲೆಳೆಯಷ್ಟು ಸೊಟ್ಟಗಾದರೂ ಗುಂಡು ದಾರಿ ತಪ್ಪುತ್ತದೆ. ಕೊಯ್ದರೆ ತುದಿಯ ಗುರಿಮೊನೆಯೂ ಹೋಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪರವಾನಗಿ ಇಲ್ಲದೆ ನಳಿಗೆಯನ್ನು ಗಿಡ್ಡಗೊಳಿಸುವುದನ್ನು 1959ರ ಆಯುಧ ಕಾಯಿದೆಯ ಆರನೆಯ ಕಲಮು ನಿಷೇಧಿಸುತ್ತದೆ. ಕೊಯ್ದ ಕಮ್ಮಾರನೂ ಅಪರಾಧಿ, ಕೊಯ್ಸಿದವನೂ ಅಪರಾಧಿ. ಶಿಕ್ಷೆ ವರ್ಷಗಟ್ಟಲೆ ಸೆರೆವಾಸ. ಪರವಾನಗಿ ತಾತನ ಹೆಸರಿನಲ್ಲಿದೆ. ರಾತ್ರಿ ಮೊಮ್ಮಗ ಅದನ್ನು ಹೆಗಲಿಗೇರಿಸಿ ಹಟ್ಟಿಗೆ ಹೋದರೆ ಅದೂ ತಪ್ಪೇ.

ಇಷ್ಟು ಕೇಳಿ ಹುಡುಗನು ಮುಖ ಕೆಂಪಗೆ ಮಾಡಿಕೊಂಡನು. "ಹಂಗಾದ್ರ ತ್ವಾಳ ಮರಿ ಒಯ್ಯೋದನ್ನ ನೋಡ್ಕೋತ ಕೂಡಬೇಕೇನು?" ಎಂದನು. ಅವನ ಸಿಟ್ಟು ಸುಳ್ಳಲ್ಲ. ಎರಡು ಮರಿ ಎಂದರೆ ಆ ಮನೆಗೆ ಒಂದು ತಿಂಗಳ ಸಂತೆಯ ಹಣ. ಆಯುಧದ ಅಭಿಮಾನವೂ ಈ ಸೀಮೆಗೆ ಹೊಸದಲ್ಲ. ಕೃಷ್ಣೆಯ ಆಚೆಯ ಸುರಪುರ ಬೇಡ ನಾಯಕರ ರಾಜಧಾನಿಯಾಗಿತ್ತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂದಾಗ ಹಲಗಲಿಯ ಬೇಡರು ಪ್ರಾಣವನ್ನಾದರೂ ಕೊಟ್ಟೇವು, ಆಯುಧ ಕೊಡೆವು ಎಂದು ನಿಂತರು.

ಆದರೆ ತೋಳನ ಕಥೆ ಬೇರೆ. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಎರಡು ಲಕ್ಷದಷ್ಟು ತೋಳಗಳು ಸತ್ತವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಬ್ರಿಟಿಷ್ ಸರಕಾರ ತಲೆಗಿಷ್ಟು ಎಂದು ಇನಾಮು ಕೊಡುತ್ತಿತ್ತು. ಅಳಿದುಳಿದವು ನಮ್ಮ ಕಲ್ಲುಗುಡ್ಡ, ಕುರುಚಲು ಬಯಲುಗಳಲ್ಲಿ ಕುರಿಹಟ್ಟಿಗಳ ನೆರಳಿನಲ್ಲಿ ಬದುಕಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗಿರುವ ರಕ್ಷಣೆಯೇ ಇಂದು ತೋಳನಿಗೂ ಇದೆ. ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಮೇಲುಕೋಟೆಯಲ್ಲಿ 1974ರಿಂದಲೂ ತೋಳನಿಗಾಗಿ ಅಭಯಾರಣ್ಯವಿದೆ.

ನಾವಿಬ್ಬರೂ ಸುಮ್ಮನಾದಾಗ ಹಿರಿಯರು ಬಾಯಿ ತೆರೆದರು. "ತಮ್ಮಾ, ಒಂದು ಅಮಾಸಿ ರಾತ್ರಿ ನಾನೂ ಅದನ್ನ ಹಿಡಕೊಂಡು ಹಟ್ಟಿಗೆ ಹೋಗಿದ್ದೆ. ಕಣ್ಣು ಹೊಳದಂಗಾತು. ಗುರಿ ಹಿಡದೆ. ಹೊಡೀಲಿಲ್ಲ. ಬೆಳಕು ಹರದ ಮ್ಯಾಲೆ ನೋಡಿದ್ರ ಅದೇ ಸಾಲಿನ್ಯಾಗ, ಒಂದು ಕೂಗಳತಿ ಆಚಿಗೆ, ಪರಊರ ಕುರುಬರು ಹೆಂಡ್ರು ಮಕ್ಕಳ ಸಮೇತ ಮಲಗಿದ್ರು." ಅಷ್ಟು ಹೇಳಿ ಅವರು ಎಲೆಯಡಿಕೆಯ ಚೀಲವನ್ನು ಬಿಚ್ಚಿದರು.

ರೈಫಲನ್ನು ಆಯುವವರು ಮರೆಯುವ ಸಂಗತಿ ಇದೇ. ಚರ್ರೆಯ ಕೋವಿಯ ಕಾಳು ರೈಫಲಿನ ಗುಂಡಿಗಿಂತ ಬಹಳ ಬೇಗ ಸೋತು ಬೀಳುತ್ತದೆ. ರೈಫಲಿನ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರಾದರೂ ಹಾರಬಲ್ಲುದು. ಗುಡ್ಡದ ಮರೆಯಿಲ್ಲದ ಎರೆ ಬಯಲಿನಲ್ಲಿ, ಕತ್ತಲಲ್ಲಿ, ಅದನ್ನು ತಡೆಯುವವರಾರು?

ಮರುದಿನ ಮೂವರೂ ಹಟ್ಟಿಗೆ ಹೋದೆವು. ಜಾಲಿಮುಳ್ಳಿನ ಬೇಲಿ ಒಂದು ಕಡೆ ಸೊಂಟದೆತ್ತರಕ್ಕೆ ಕುಸಿದಿತ್ತು. ತೋಳ ಅಲ್ಲಿಂದಲೇ ಬಂದಿತ್ತು. ಹುಡುಗನು ಮಧ್ಯಾಹ್ನದವರೆಗೆ ಮುಳ್ಳು ಕಡಿದು ತಲೆಯೆತ್ತರಕ್ಕೆ ಏರಿಸಿದನು. ಮರಿಗಳಿಗಾಗಿ ಒಳಗೊಂದು ಗೂಡು ಕಟ್ಟಿದನು. ಸತ್ತ ಕುರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ಕಳೇಬರವನ್ನು ಎಳೆದು ಹಾಕದೆ, ಫೋಟೋ ತೆಗೆದು, ತಡಮಾಡದೆ ತಿಳಿಸಬೇಕೆಂದು ಅವನಿಗೆ ಬರೆದುಕೊಟ್ಟೆನು.

ದೀಪಾವಳಿಯ ಹೊತ್ತಿಗೆ ಅವನ ಕಾಗದ ಬಂದಿತು. ಎರಡು ನಾಯಿಮರಿಗಳನ್ನು ಸಾಕಿದ್ದಾನಂತೆ. ಬೇಸಗೆಯಿಂದೀಚೆಗೆ ಹೋದುದು ಒಂದೇ ಮರಿ, ಅದೂ ಹಗಲಲ್ಲಿ, ಮೇಯುವ ಜಾಗದಲ್ಲಿ. ತನ್ನ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಿದ್ದಾನೆ. ಬಂದ ಮೇಲೆ ಗುರಿಹಲಗೆಗೆ ಹೊಡೆದು ಕಲಿಯುವ ಆಸೆಯಂತೆ. ಕಡೆಯ ಸಾಲಿನಲ್ಲಿ, "ರಬ್ಬರ್ ಮೆತ್ತಿ ಹಾಕ್ಸೀವಿ ಕಾಕಾ. ತಾತ ಎತ್ತಿ ನೋಡಿ, ಈಗ ಇದು ನಿಂದಾತು ಅಂದ" ಎಂದು ಬರೆದಿದ್ದನು.