ಸಹಿ ಹಾಕುವ ಮುನ್ನ

1960ರ ಸೆಪ್ಟೆಂಬರ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕಚೇರಿಗೆ ಸೇರಿ ತಿಂಗಳಷ್ಟೇ ಆಗಿದ್ದ ಡಾ. ಫ್ರಾನ್ಸಿಸ್ ಕೆಲ್ಸಿ ಅವರ ಮೇಜಿಗೆ ಒಂದು ಅರ್ಜಿ ಬಂತು. ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆಯನ್ನು ಮಾರಲು ಕಂಪನಿಯೊಂದು ಅನುಮತಿ ಕೇಳಿತ್ತು. 1957ರಿಂದಲೇ ಪಶ್ಚಿಮ ಜರ್ಮನಿಯಲ್ಲಿ ಅದು ಮಾರಾಟದಲ್ಲಿತ್ತು. ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದರು. ಸುಲಭದ ಫೈಲು ಎಂದೇ ಹೊಸಬರಿಗೆ ಒಪ್ಪಿಸಲಾಗಿತ್ತು.

ಆಗಿನ ನಿಯಮದಂತೆ 60 ದಿನಗಳೊಳಗೆ ಆಕ್ಷೇಪ ಬಾರದಿದ್ದರೆ ಅನುಮತಿ ತಾನಾಗಿಯೇ ಸಿಕ್ಕಂತೆ. ಸುಮ್ಮನಿದ್ದರೂ ಸಾಕಿತ್ತು. ಆದರೆ ಕೆಲ್ಸಿ ಮತ್ತು ಅವರ ಸಹೋದ್ಯೋಗಿಗಳು ಅರ್ಜಿಯನ್ನು ಓದಿದರು. ಎಷ್ಟು ಕೊಟ್ಟರೂ ಪ್ರಾಣಿಗಳು ಸಾಯುವುದಿಲ್ಲ, ಆದ್ದರಿಂದ ಔಷಧಿ ನಿರಪಾಯಕಾರಿ ಎಂಬುದು ಕಂಪನಿಯ ವಾದ. ಆದರೆ ಮನುಷ್ಯರಿಗೆ ನಿದ್ರೆ ಬರಿಸುವ ಮಾತ್ರೆ ಆ ಪ್ರಾಣಿಗಳಿಗೆ ನಿದ್ರೆಯನ್ನೇ ಬರಿಸಿರಲಿಲ್ಲ! ಹಾಗಾದರೆ ಔಷಧಿ ಅವುಗಳ ದೇಹಕ್ಕೆ ಸರಿಯಾಗಿ ಸೇರಿತ್ತೇ? ಅರ್ಜಿ ಅಪೂರ್ಣವೆಂದು ಹಿಂದಕ್ಕೆ ಹೋಯಿತು.

ಕಂಪನಿಯವರು ಮತ್ತೆ ಮತ್ತೆ ಬಂದರು, ಮೇಲಧಿಕಾರಿಗಳಿಗೆ ದೂರು ಹೇಳಿದರು. ಅಷ್ಟರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪತ್ರವೊಂದು ಕೆಲ್ಸಿಯವರ ಕಣ್ಣಿಗೆ ಬಿತ್ತು. ಬಹುಕಾಲ ಈ ಮಾತ್ರೆ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿದೆ ಎಂದು ವೈದ್ಯರೊಬ್ಬರು ಬರೆದಿದ್ದರು. ದೊಡ್ಡವರ ನರಗಳಿಗೇ ಹೀಗಾದರೆ ಹೊಟ್ಟೆಯಲ್ಲಿರುವ ಕೂಸಿನ ಗತಿಯೇನು? ಅದಕ್ಕೂ ಪುರಾವೆ ಬೇಕೆಂದರು ಕೆಲ್ಸಿ.

ಉತ್ತರ ಜರ್ಮನಿಯಿಂದಲೇ ಬಂತು. ಕೈಕಾಲುಗಳು ಬೆಳೆಯದ ಶಿಶುಗಳು ಹುಟ್ಟಿದ್ದಕ್ಕೆ ಈ ಮಾತ್ರೆಯೇ ಕಾರಣವೆಂಬ ಶಂಕೆ ಬಲವಾಗಿ, 1961ರ ನವೆಂಬರಿನಲ್ಲಿ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಜಗತ್ತಿನಾದ್ಯಂತ ಹೀಗೆ ಹುಟ್ಟಿದ ಮಕ್ಕಳು ಸುಮಾರು 10,000ಕ್ಕೂ ಹೆಚ್ಚೆಂದು ಅಂದಾಜು. ಪರೀಕ್ಷೆಗೆಂದು ಅಮೆರಿಕದ ವೈದ್ಯರಿಗೆ ಹಂಚಿದ್ದ ಮಾತ್ರೆಗಳಿಂದ ಅಲ್ಲಿಯೂ ಕೆಲವು ಮಕ್ಕಳಿಗೆ ಹಾನಿಯಾಯಿತು. ಆದರೆ ಅಂಗಡಿಗಳಿಗೆ ಅದು ಬರಲೇ ಇಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಕೆಲ್ಸಿಯವರನ್ನು ಗೌರವಿಸಿದರು. ಔಷಧಿ ಕಾನೂನೂ ಬಿಗಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಮಾತ್ರೆಯಿಂದ ಶಿಶುಗಳ ಅಂಗ ಊನವಾಗುತ್ತದೆ ಎಂದು ಕೆಲ್ಸಿಯವರಿಗೂ ಮೊದಲು ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೇ: ಮುಂದಿಟ್ಟ ಪುರಾವೆ ಸಾಲದು. ವಿಮರ್ಶೆಯ ಬುದ್ಧಿ ಎಂದರೆ ಎಲ್ಲದಕ್ಕೂ ಕೊಂಕು ತೆಗೆಯುವುದಲ್ಲ. ಹೇಳಿದ ಮಾತಿಗೂ ಕೊಟ್ಟ ಆಧಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಕಚೇರಿಯ ಮೇಜಿನ ಮುಂದೆ ಕುಳಿತಾಗ ಮಾತ್ರ ಅದು ಮರೆಯುತ್ತದೆ. ‘ಬೇರೆ ಕಡೆ ಒಪ್ಪಿದ್ದಾರಲ್ಲ’, ‘ಸಾಹೇಬರೇ ಹೇಳಿದ್ದಾರಲ್ಲ’ ಎಂದು ಸಹಿ ಬೀಳುತ್ತದೆ. ಸೇತುವೆಯ ನಕ್ಷೆ ನೋಡುವ ಇಂಜಿನಿಯರ್, ಸಾಲದ ಕಾಗದ ನೋಡುವ ಬ್ಯಾಂಕ್ ನೌಕರ, ರಕ್ತಪರೀಕ್ಷೆಯ ವರದಿ ಬರೆಯುವ ಲ್ಯಾಬ್ ತಂತ್ರಜ್ಞ, ಯಾರ ಮೇಜಿಗೂ ಅಂಥ ‘ಸುಲಭದ ಫೈಲು’ ಬರಬಹುದು. ಪ್ರಶ್ನೆ ಕೇಳಿದರೆ ನಾಲ್ಕು ದಿನ ತಡವಾದೀತು, ಒಬ್ಬಿಬ್ಬರು ಮುನಿಸಿಕೊಂಡಾರು. ಕೇಳದೆ ಹೋದರೆ ಅದರ ಬೆಲೆ ತೆರುವವರು ಸಹಿ ಹಾಕಿದವರಲ್ಲ, ಬೇರೆ ಯಾರೋ.